ಕೂದಲ ಬೇಲಿ

ಕೆಪೆಂ ಪ್ಯಾಟಿಯ ಸಲೂನಿನಿಂದ
ವಾರಕ್ಕೊಂದು ಚೀಲ ಕೂದಲು ತರತೀನಿ,
ಬಸ್ಸಿನ ಹಿಂದಿನ ಸೀಟಿನ ಕೆಳಗ ಇಟಗೊಂಡು.
ತಸ್ಲೀಮ ರೊಕ್ಕ ಕೇಳೂದಿಲ್ಲ.
'ಹಂದಿಗೆ' ಅಂದ ದಿನ ಮಾತ್ರ
ಅವನ ಕತ್ತರಿ ಗಿರಾಕಿಯ ಕಿವಿ ಹಂತೇಕ
ಒಂದು ಗಳಿಗಿ ನಿಂತಿತ್ತು.

ಗೆಣಸಿನ ಮಡಿಯ ಸುತ್ತ,
ಚಿರೇಕಲ್ಲಿನ ಗ್ವಾಡಿ ಬಿದ್ದಲ್ಲೆಲ್ಲ
ಹಿಡಿ ಹಿಡಿ ಉದುರಸ್ತೀನಿ:
ಮದುವಣಿಗನದು, ಮೆಂಬರನ ಬಣ್ಣ ಹಚ್ಚಿದ್ದು,
ಯಾವುದೋ ಕೂಸಿನ ಜವಳದ್ದು.
ಮನುಷ್ಯಾರ ವಾಸನಿಗೆ ಹೆದರತಾವಂತ.
ಹೇಳಿದಾಂವ ಮಗ್ಗಲ ತೋಟದ ಪುನೋ ವೇಳಿಪ.
ಅವನ ತೋಟಾನೂ ತಿಂದಾವ.

ಗೋಡಂಬಿ ಹಣ್ಣು ಉದುರಿ, ಕೊಳತು, ಗುಡ್ಡದ ತುಂಬ ಹುಳಿ ನಾತ.
ತಿಂದು ಅಮಲೇರಿ ಇಳೀತಾವ,
ಒಂದೇ ರಾತ್ರಿ ನಾಲ್ಕು ಮಡಿ ಉತ್ತು ಹೋಗತಾವ.
ಟ್ರ್ಯಾಕ್ಟರಿಗಾದ್ರ ಬಾಡಿಗಿ ಕೊಡಬೇಕು.

ಐತವಾರ ಮಡಗಾಂವಿನಿಂದ ಲಿಬರಾಟಾ ಬಾಯಿ ಬರತಾಳ,
ಚರ್ಚಿಗೆ ಹಾಕಿದ ಚಪ್ಪಲಿ ಮಣ್ಣಾಗದಂಗ ಕಾಲಿಟ್ಟು
ತಗ್ಗು ಎಣಿಸತಾಳ, ಫೋನು ಮಾಡತಾಳ.
ಫಾರೆಸ್ಟಿನ ಗಾರ್ಡು ಹೆಜ್ಜಿ ನೋಡಿ, ಹೇಲು ನೋಡಿ,
'ಹೊಟ್ಟಿ ಬೆಳ್ಳಗದ ಅಂತೀರಿ. ಇದು ಕಾಡಿಂದಲ್ಲ, ಊರಿಂದು.'
ಪಂಚಾಯಿತಿಯವರು: 'ಊರಾಗ ಈಗ ಯಾರು ಹಂದಿ ಸಾಕ್ಯಾರ?
ಸಂಡಾಸಕ್ಕೆಲ್ಲ ಟೈಲ್ಸು ಬಿದ್ದು ಎಷ್ಟು ವರ್ಷ ಆತು!'

ಎರಡೂ ಖರೆ.
ಹಿತ್ತಲ ಸಂಡಾಸದ ಕೆಳಗ ಬಾಯಿ ತಕ್ಕೊಂಡು ನಿಂತಿದ್ದ ಹಂದಿ
ಒಂದು ಮುಂಜಾನಿ ತಲಿ ಎತ್ತಿ ನೋಡಿದರ
ಮ್ಯಾಲೆ ಯಾರೂ ಇಲ್ಲ.
ಎಷ್ಟು ದಿನಾಂತ ಕಾದೀತು?
ಗುಡ್ಡಾ ಹತ್ತಿತು.

ನಮ್ಮ ಆಯಿ ಹುಲಿಗೆವ್ವ ಹಂದಿ ಕಾಯತಿದ್ದಳು, ರೋಣದ ಕಡೆ.
ಇಲ್ಲಿ ಯಾರಿಗೂ ಹೇಳಿಲ್ಲ.
ಸಾಲ್ಯಾಗ ನನ್ನ ಪಾಟಿಚೀಲ ಮೂಸಿ ನೋಡಿ ನಗತಿದ್ದರು.
ಇಲ್ಲಿ ನಾನು ಬರೇ ಘಾಟಿ, ಘಟ್ಟದ ಮ್ಯಾಲಿನಾಕಿ.
ಅದೊಂದು ಆರಾಮ.

ಆಯಿ ಮೊಣಕಾಲಾಗ ಹಂದಿ ಅಮುಕಿ ಹಿಡಿದು
ಬೆನ್ನಿನ ಕೂದಲು ಕೀಳತಿದ್ದಳು,
ಬೆರಳಿಗೆ ಹಚ್ಚಿ ಅಳೆದು
ಉದ್ದದ್ದೊಂದು ಸಿವುಡು, ಗಿಡ್ಡದ್ದೊಂದು ಸಿವುಡು,
ಗಜೇಂದ್ರಗಡದ ಸಂತಿಗೆ.
ಬ್ರಶ್ ಆಗಿ ಯಾವ ಊರಿನ ಗ್ವಾಡಿ ಬಳದವೋ.
ಸಂಜಿಗೆ ಒಡ್ಡಿನ ಮ್ಯಾಲೆ ನಿಂತು ಕರೀತಿದ್ದಳು:
ನಾಲಿಗಿ ಅಂಗುಳಕ್ಕ ಬಡಿದು ಡುರ್ರ್,
ಆಮ್ಯಾಲೆ ಮೂಗಿನಾಗಿಂದ ಒಂದು ಉದ್ದ ಹೋ.
ಬರಿಯಾಕ ಬರೂದಿಲ್ಲ ಅದು.

ಬುಧವಾರ ರಾತ್ರಿ ಬ್ಯಾಟರಿ ಬೆಳಕಿನಾಗ ಕಂಡಿತು.
ತಾಯಿ. ಹಿಂದ ಆರು ಮರಿ,
ಕೆಲವಕ್ಕ ಮೈಮ್ಯಾಲೆ ಪಟ್ಟಿ, ಕೆಲವಕ್ಕಿಲ್ಲ.
ಮೂತಿ ತುಂಬ ಕೆಂಪು ಮಣ್ಣು.
ಕಾಲಕೆಳಗ ನನ್ನ ಬೇಲಿ;
ಯಾರದೋ ಮೆಹಂದಿ ಕೂದಲೊಂದು ಎಳಿ
ಅದರ ಹಲ್ಲಿಗೆ ಸಿಕ್ಕು ಜೋತಾಡತಿತ್ತು.

ಕೈಯಾಗ ಡಬ್ಬಿ ಇತ್ತು. ಬಡಿಯಬೇಕಿತ್ತು.
ಮರಿ ಇದ್ದ ಹಂದಿಗೆ ಬೆನ್ನು ತೋರಸಬ್ಯಾಡ ಅಂತ
ಆಯಿ ತೊಡಿ ಮ್ಯಾಲಿನ ಗಾಯ ಮುಟ್ಟಿಕೊಂತ ಹೇಳತಿದ್ದಳು.
ನಿಂತೆ.
ಬಾಯಿ ಒಣಗಿತ್ತು. ಆದರೂ ನಾಲಿಗಿ
ತಾನೇ ಅಂಗುಳಕ್ಕ ಹೋತು,
ಮೂವತ್ತೆರಡು ವರ್ಷದ ಮ್ಯಾಲೆ.

ಅದರ ಒಂದು ಕಿವಿ ಎದ್ದಿತು.
ಹತ್ತಿರ ಬರಲಿಲ್ಲ, ಓಡಲೂ ಇಲ್ಲ.
ಈ ದನಿ ಎಲ್ಲೋ ಕೇಳೀನಿ ಅನ್ನೂವಂಗ
(ಹಂಗ ನನಗ ಅನಿಸಿದ್ದು, ಅದಕ್ಕೇನು ಅನಿಸಿತೋ)
ಒಂದು ಉಸಿರು ಬಿಟ್ಟು
ಅರ್ಧ ತಿಂದ ಗೆಣಸು ಕಚ್ಚಿಗೊಂಡು
ಗ್ವಾಡಿ ಹರಿದಲ್ಲಿಂದ ದಾಟಿತು.
ಮರಿ ಎಣಿಸಿದೆ. ಆರು.

'ಕೂದಲು ಕೆಲಸ ಮಾಡತದೇನು?' ಲಿಬರಾಟಾ ಬಾಯಿ ಕೇಳಿದಳು.
'ಮಾಡತದ. ಇನ್ನೊಂದು ಚೀಲ ಬೇಕು' ಅಂದೆ.

ಸೆರಗಿನ ಗಂಟಿನಾಗ ಇತ್ತು,
ಮುಳ್ಳುತಂತಿಗೆ ಸಿಕ್ಕಿದ್ದ ಒಂದು ಕೂದಲು.
ಬೆನ್ನಿಂದು, ತುದಿ ಸೀಳಿದ್ದು.
ಬೆರಳಿಗೆ ಹಚ್ಚಿ ನೋಡಿದ್ದೆ:
ನಾಲ್ಕು ಬೆರಳು, ಮ್ಯಾಲೊಂದು ಉಗುರು.
ಉದ್ದದ ಸಿವುಡಿನದು.